ಆಪಾ ಬರೆಯದೆ ಹೋದ ಪರೀಕ್ಷೆ

ಹೋದ ತಿಂಗಳು ವೇಮಗಲ್‌ನಲ್ಲಿ ನಮ್ಮ ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆದು ಬಂದರೆ ಬಾಗಿಲ ಬಳಿ ತಟ್ಟೆಯಲ್ಲಿ ಹುರಿದ ಸೋಂಪು ಇಟ್ಟಿದ್ದರು, ಜೊತೆಗೆ ಕಲ್ಲುಸಕ್ಕರೆಯ ಸಣ್ಣ ಹರಳು. ಒಂದು ಚಮಚ ಅಂಗೈಗೆ ಹಾಕಿಕೊಂಡೆ. ಬಾಯಿಗೆ ಹಾಕಬೇಕು ಅನ್ನುವಷ್ಟರಲ್ಲಿ ಅದರ ವಾಸನೆ ಮೂಗಿಗೆ ಬಂತು... ಕೈ ಅಲ್ಲಿಯೇ ನಿಂತಿತು. ಹಿಂದಿದ್ದವರು "ನಡೀರಿ ಯಜಮಾನ್ರೇ" ಅಂದರು. ಸೋಂಪನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೊರಗೆ ಬಂದೆ. ತಿನ್ನಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ನನ್ನ ಮಟ್ಟಿಗೆ ಅದು ರೈಲಿನ ವಾಸನೆ. ಮಾಲೂರಿನಿಂದ ಬೆಂಗಳೂರಿಗೆ ಬೆಳಗ್ಗೆ ಹೋಗುವ ಪ್ಯಾಸೆಂಜರ್ ಗಾಡಿಯ ವಾಸನೆ. ಮೂವತ್ತೊಂದು ವರ್ಷ ನಾನು ಆ ಗಾಡಿಯಲ್ಲಿ ಹೋಗಿ ಬಂದವನು. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದೆ. ದಿನವೂ ಒಂದೇ ಬೋಗಿ, ಅವೇ ಮುಖಗಳು. ಮೊದಲು ಹತ್ತಿದವರು ಟವಲ್ಲೋ ಟಿಫಿನ್ ಬ್ಯಾಗೋ ಹಾಕಿ ಉಳಿದವರಿಗೆ ಸೀಟು ಹಿಡಿಯಬೇಕು, ಹಾಗೆ ಹಿಡಿದ ಸೀಟನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಬಾಗಿಲ ಪಕ್ಕದ ಸೀಟುಗಳು ಇಸ್ಪೀಟಿನವರವು. ನಾಲ್ವರು ಎದುರುಬದುರು ಕೂತು, ಮೊಣಕಾಲುಗಳ ಮೇಲೆ ದಿನಪತ್ರಿಕೆ ಬಿಡಿಸಿ ಹಾಸಿದರೆ ಅದೇ ಮೇಜು. ನಾನು ಆ ನಾಲ್ವರಲ್ಲಿ ಒಬ್ಬ. ನಮ್ಮ ಆಚೆಯ ಕಿಟಕಿಯ ಹತ್ತಿರ ಆಪಾ ಕೂರುತ್ತಿದ್ದರು.

ಆಪಾ ಅಂದರೆ ಅವರ ಮಾತಿನಲ್ಲಿ ಅಕ್ಕ. ವಯಸ್ಸಿನಲ್ಲಿ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ಆದರೂ ಬೋಗಿಗೆಲ್ಲ ಆಪಾ, ನನಗೂ ಆಪಾ. ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಮಾಡುತ್ತಿದ್ದರು. ನೆಲ ಒರೆಸುವುದು, ರೋಗಿಗಳ ಬೆಡ್‌ಪ್ಯಾನ್ ತೆಗೆಯುವುದು, ಹಾಸಿಗೆ ಬದಲಿಸುವುದು. ಉರ್ದು ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದರು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು, ಇಂಗ್ಲಿಷ್ ಬರುತ್ತಿರಲಿಲ್ಲ.

ನನ್ನ ನಿವೃತ್ತಿಗೆ ಇನ್ನೊಂದೂವರೆ ವರ್ಷ ಇದ್ದಾಗ, ಒಂದು ಬೆಳಗ್ಗೆ ಅವರು ಮೊಬೈಲು ಹಿಡಿದು ನಮ್ಮ ಸೀಟಿನ ಹತ್ತಿರ ಬಂದರು. ನರ್ಸಮ್ಮ ಒಬ್ಬರು ಏನೋ ಕಳಿಸಿದ್ದಾರೆ, ಇಂಗ್ಲಿಷಿನಲ್ಲಿದೆ, ಓದಿ ಹೇಳಿ ಅಂದರು. ನೋಡಿದೆ. ರೋಗಿಗಳ ಆರೈಕೆಯ ಬಗ್ಗೆ ಒಂದು ಆನ್‌ಲೈನ್ ಕೋರ್ಸು. ಹನ್ನೆರಡು ವಾರ, ಪೂರ್ತಿ ಉಚಿತ, ಯಾರು ಬೇಕಾದರೂ ಸೇರಬಹುದು. ಪಾಠದ ವಿಡಿಯೊ ಕನ್ನಡದಲ್ಲಿ, ಪ್ರಶ್ನೆಗಳು ಮಾತ್ರ ಇಂಗ್ಲಿಷಿನಲ್ಲಿ. ವಾರಕ್ಕೆ ಹತ್ತು ಪ್ರಶ್ನೆ, ಭಾನುವಾರ ಸಂಜೆಯೊಳಗೆ ಉತ್ತರ ಕಳಿಸಬೇಕು. ಎಲ್ಲ ವಾರಗಳನ್ನೂ ಮುಗಿಸಿದವರಿಗೆ ಕೊನೆಯಲ್ಲಿ ಪರೀಕ್ಷೆ. ಅದರಲ್ಲಿ ಪಾಸಾದರೆ ಅವರನ್ನು ನೆಲ ಒರೆಸುವ ಕೆಲಸದಿಂದ ಬಿಡಿಸಿ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿ ಮಾಡುತ್ತೇವೆ ಎಂದು ನರ್ಸಿಂಗ್ ಹೋಮಿನವರು ಹೇಳಿದ್ದರಂತೆ.

ಕೆಲಸ ಬದಲಾಗಲಿ ಎಂದಷ್ಟೇ ಅವರು ಹೊರಟಿರಲಿಲ್ಲ. ಆಮೇಲೊಂದು ದಿನ ಹೇಳಿದರು. ಮಲಗಿದ್ದ ಅಜ್ಜಿಯೊಬ್ಬರು ನೀರು ಕೇಳಿದಾಗ ಇವರು ಅಜ್ಜಿಯನ್ನು ಎಬ್ಬಿಸಿ ಕೂರಿಸದೆ ಒಂದು ಚಮಚ ಬಾಯಿಗೆ ಹಾಕಲು ಹೋಗಿದ್ದಾರೆ. ನರ್ಸು ಓಡಿಬಂದು ಚಮಚ ಕಿತ್ತುಕೊಂಡು ಎಲ್ಲರೆದುರು ಬೈದಿದ್ದಾರೆ.

"ಬೈದಿದ್ದಕ್ಕೆ ಬೇಜಾರಿಲ್ಲ ಅಣ್ಣ. ಯಾಕೆ ಕೊಡಬಾರ್ದು ಅಂತ ಕೇಳ್ದೆ, ಹೇಳ್ಲಿಲ್ಲ. ಹದಿನಾಲ್ಕು ವರ್ಷದಿಂದ ಅಲ್ಲೇ ಇದೀನಿ. ಮಾಡ್ಬೇಡ ಅಂತಾರೆ, ಯಾಕೆ ಅಂತ ಒಬ್ರೂ ಹೇಳಲ್ಲ."

ಅವರನ್ನು ಕೋರ್ಸಿಗೆ ಸೇರಿಸಿಬಿಟ್ಟೆ. ಅವರಿಗೆ ಇಮೇಲ್ ಇರಲಿಲ್ಲ, ಹೆಸರು ಅವರದು, ಇಮೇಲ್ ನನ್ನದು ಹಾಕಿದೆ. ದೇವನಗೊಂದಿಯಿಂದ ವೈಟ್‌ಫೀಲ್ಡ್‌ವರೆಗೆ ನೆಟ್‌ವರ್ಕ್ ನೆಟ್ಟಗೆ ಸಿಗುತ್ತಿರಲಿಲ್ಲ. ಹಾಗಾಗಿ ಹಿಂದಿನ ದಿನವೇ ಮನೆಯಲ್ಲಿ ವಿಡಿಯೊ ಇಳಿಸಿಕೊಂಡು, ಪ್ರಶ್ನೆಗಳನ್ನು ಬರೆದುಕೊಂಡು ಬರುತ್ತಿದ್ದೆ. ಇಸ್ಪೀಟಿನ ಜಾಗ ಬಿಟ್ಟು ಅವರ ಎದುರಿನ ಕಿಟಕಿಗೆ ಬಂದು ಕೂತೆ. ಅವರ ಟಿಫಿನ್ ಕ್ಯಾರಿಯರ್‌ಗೆ ಮೊಬೈಲು ಒರಗಿಸಿ, ಇಬ್ಬರೂ ಮುಂದಕ್ಕೆ ಬಾಗಿ ನೋಡುತ್ತಿದ್ದೆವು.

ನಮ್ಮ ಇಸ್ಪೀಟಿನವರು ಬಿಡುತ್ತಾರೆಯೇ. ಮುಳಬಾಗಿಲು ಕಡೆಯವರೊಬ್ಬರಿದ್ದರು, ಬಾಯಿ ತೆರೆದರೆ ಅರ್ಧ ತೆಲುಗು. "ಏಮಯ್ಯಾ ಡಾಕ್ಟರೂ, ನಮ್ಮ ನಾಡೀನೂ ಒಂದ್ಸಲ ನೋಡಪ್ಪಾ" ಎಂದು ಕೈ ಚಾಚುತ್ತಿದ್ದರು. ನಾನು ಮುಖ ತಗ್ಗಿಸುತ್ತಿದ್ದೆ. ಆಪಾ ತಗ್ಗಿಸುತ್ತಿರಲಿಲ್ಲ. "ನಾಡಿ ಪಾಠ ಎಂಟನೇ ವಾರಕ್ಕಿದೆ ಅಣ್ಣ, ಅಲ್ಲೀವರೆಗೂ ಹುಷಾರಾಗಿರಿ" ಅಂದರು. ಬೋಗಿಯೆಲ್ಲ ನಕ್ಕಿತು.

ಅವರ ಹತ್ತಿರ ಒಂದು ಪುಟ್ಟ ತಗಡಿನ ಡಬ್ಬಿ ಇತ್ತು, ಅದರಲ್ಲಿ ಹುರಿದ ಸೋಂಪು. ಮೊದಲು ಗಾಡಿ ಹತ್ತಿದ ಕೂಡಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೋರ್ಸು ಶುರುವಾದ ಮೇಲೆ, ಆ ದಿನದ ಪಾಠ ಮುಗಿಯುವವರೆಗೆ ಮುಚ್ಚಳ ತೆಗೆಯುವಂತಿಲ್ಲ ಎಂದು ತಾವೇ ಕಟ್ಟಳೆ ಹಾಕಿಕೊಂಡರು. ಪಾಠ ಮುಗಿದರೆ ನನಗೊಂದು ಚಿಟಿಕೆ, ಅವರಿಗೊಂದು ಚಿಟಿಕೆ. ಅರ್ಧಕ್ಕೆ ಬಿಟ್ಟ ದಿನ ಇಬ್ಬರಿಗೂ ಇಲ್ಲ. ಅವರಿಗೆ ಎಷ್ಟು ಆಸೆಯಾದರೂ ಮುಟ್ಟುತ್ತಿರಲಿಲ್ಲ... ಡಬ್ಬಿಯನ್ನು ಒಮ್ಮೆ ಕಿವಿಯ ಹತ್ತಿರ ಅಲ್ಲಾಡಿಸಿ ಬ್ಯಾಗಿಗೆ ಹಾಕಿಬಿಡುತ್ತಿದ್ದರು.

ಮೂರನೇ ವಾರದಲ್ಲಿ ನೀರು ಕುಡಿಸುವ ಪಾಠ ಬಂತು. ಮಲಗಿದವರಿಗೆ ನೀರು ಕೊಟ್ಟರೆ ಅದು ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗಬಹುದು, ತಲೆ ಎತ್ತಿಸಿ ಕೂರಿಸಿಯೇ ಕೊಡಬೇಕು ಎಂದು ವಿಡಿಯೊದಲ್ಲಿ ಚಿತ್ರ ಬರೆದು ತೋರಿಸಿದರು. ಆಪಾ ಅದನ್ನು ಮೂರು ಸಲ ಹಿಂದಕ್ಕೆ ತಳ್ಳಿಸಿ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಅಷ್ಟೇನಾ... ಇಷ್ಟು ಹೇಳಕ್ಕೆ ಎಷ್ಟೊತ್ತು ಹಿಡೀತಿತ್ತು ಅವ್ರಿಗೆ" ಅಂದರು. ನಗುತ್ತಿದ್ದರು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಇಂಥ ಪಾಠಗಳಲ್ಲಿ ಮೊದಲ ವಾರಗಳು ಹಬ್ಬದ ಹಾಗೆ ಹೋಗುತ್ತವೆ. ನಾಲ್ಕನೆಯದು ಬರುವಷ್ಟರಲ್ಲಿ ನನಗೆ ಬೇಸರ ಹತ್ತಿತು. ಬೈಯುವ ಮೇಷ್ಟರಿಲ್ಲ, ಪಕ್ಕದಲ್ಲಿ ಓದುವ ಹುಡುಗರಿಲ್ಲ, ಬಿಟ್ಟರೆ ಕೇಳುವವರಿಲ್ಲ. ಇವತ್ತು ಬೇಡ ಅಂತ ನಾನು ಅಂದರೆ ಅವರು ಒಂದೇ ಮಾತು ಹೇಳುತ್ತಿದ್ದರು: "ಹತ್ತು ನಿಮಿಷ ಸಾಕು ಅಣ್ಣ. ಹತ್ತು ನಿಮಿಷ ಕೂತ್ರೆ ಅದೇ ಇಪ್ಪತ್ತಾಗುತ್ತೆ." ಆಗುತ್ತಿತ್ತು ಕೂಡ. ಕೇಳಿದ ಪಾಠವನ್ನು ಸಂಜೆ ಮನೆಯಲ್ಲಿ ಮಗಳಿಗೆ ಹೇಳುತ್ತಿದ್ದರಂತೆ. ಆ ಹುಡುಗಿ ಆಗ ಪಿಯುಸಿ ಓದುತ್ತಿದ್ದಳು. ತಲೆದಿಂಬನ್ನೇ ರೋಗಿ ಮಾಡಿ, ಹೀಗೆ ಹೊರಳಿಸಬೇಕು, ಹೀಗೆ ಕೂರಿಸಬೇಕು ಎಂದು ತೋರಿಸಿದರೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳಂತೆ. ಮರುದಿನ ಬೆಳಗ್ಗೆ ನನಗೆ ಒಪ್ಪಿಸುತ್ತಿದ್ದರು. ನಾನು ತಪ್ಪು ಹುಡುಕಬೇಕು. ಸಿಗುತ್ತಿದ್ದದ್ದು ಅಪರೂಪ.

ಶನಿವಾರ ಬೆಳಗ್ಗೆ ಪ್ರಶ್ನೆಗಳು. ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿ ಯೋಚಿಸಿ ಉತ್ತರ ಕೊಡುತ್ತಿದ್ದರು. ಅದನ್ನು ನನ್ನ ಕೈಯಲ್ಲಿದ್ದ ದಿನಪತ್ರಿಕೆಯ ಅಂಚಿನಲ್ಲಿ ಬರೆದುಕೊಂಡು, ಭಾನುವಾರ ಮನೆಯಲ್ಲಿ ಕೂತು ಕಳಿಸುತ್ತಿದ್ದೆ. ಆರು ವಾರ ಹಾಗೆ ನಡೆಯಿತು. ಹತ್ತಕ್ಕೆ ಒಂಬತ್ತಕ್ಕಿಂತ ಕಡಿಮೆ ಒಂದು ವಾರವೂ ಬರಲಿಲ್ಲ. ಎರಡು ಸಲ ಹತ್ತಕ್ಕೆ ಹತ್ತು. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಮನಸ್ಸಿನಲ್ಲೇ ನಾನೂ ಉತ್ತರ ಹೇಳಿಕೊಳ್ಳುತ್ತಿದ್ದೆ, ನನ್ನದು ತಪ್ಪಾಗಿ ಅವರದು ಸರಿಯಾಗುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನು ನಾನು... ಅದು ಎಲ್ಲೋ ಚುಚ್ಚುತ್ತಿತ್ತು.

ಏಳನೇ ವಾರದ ಶನಿವಾರ. ಹಾಸಿಗೆ ಹಿಡಿದವರ ಬೆನ್ನಿಗೆ ಹುಣ್ಣಾಗದಂತೆ ನೋಡಿಕೊಳ್ಳುವ ಪಾಠ. ಹತ್ತು ಪ್ರಶ್ನೆಗೂ ಉತ್ತರ ಬರೆದುಕೊಂಡು, ಸೋಂಪು ತಿಂದು ಕೂತಿದ್ದೆ. ಅಷ್ಟರಲ್ಲಿ ಇಸ್ಪೀಟಿನವರು ಕೂಗಿದರು. ನನ್ನ ಜಾಗಕ್ಕೆ ಬಂದಿದ್ದವರು ರಜೆ ಹಾಕಿದ್ದರು, ಒಂದು ಕೈ ಕಡಿಮೆ. "ಬಾರಪ್ಪ ಡಾಕ್ಟರೂ, ಪೇಷೆಂಟುಗಳೆಲ್ಲ ಕಾಯ್ತಾವ್ರೆ." ಎಷ್ಟೋ ದಿನವಾಗಿತ್ತು. ಹೋದೆ. ಮೊಣಕಾಲ ಮೇಲೆ ಹಾಸಲು ಪೇಪರ್ ಬೇಕಾಯಿತು, ನನ್ನ ಕೈಯಲ್ಲಿದ್ದದ್ದನ್ನೇ ಬಿಡಿಸಿ ಹಾಸಿದೆ. ಆಟ ಚೆನ್ನಾಗಿ ಕೂಡಿಬಂತು. ಕಂಟೋನ್ಮೆಂಟ್ ಬಂದದ್ದೇ ತಿಳಿಯಲಿಲ್ಲ. ಎಲೆ ಬಾಚಿಕೊಂಡು ಎಲ್ಲರೂ ಧಡಧಡ ಇಳಿದೆವು. ಪೇಪರ್ ಸೀಟಿನ ಕೆಳಗೆ ಬಿದ್ದು ಗಾಡಿಯ ಜೊತೆ ಹೋಯಿತು.

ಅದು ನೆನಪಾದದ್ದು ಭಾನುವಾರ ಮಧ್ಯಾಹ್ನ. ನಾನೇ ಉತ್ತರ ಹಾಕಿಬಿಡೋಣ ಎಂದು ತೆರೆದೆ. ಪಾಠ ನಡೆಯುವಾಗ ನಾನು ಕಿಟಕಿಯಾಚೆ ಹೆಂಚಿನ ಕಾರ್ಖಾನೆಗಳ ಚಿಮಣಿ ನೋಡುತ್ತ ಕೂತಿದ್ದೆ, ಒಂದೂ ತಲೆಗೆ ಹೋಗಿರಲಿಲ್ಲ. ನಾನು ಹಾಕಿ ನಾಲ್ಕು ಅಂಕ ಬಂದರೆ ಅವರಿಗೆ ಏನು ಹೇಳುವುದು? ಅವರಿಗೆ ಫೋನು ಮಾಡಿ ಕೇಳಬಹುದಿತ್ತು. ಇಸ್ಪೀಟಾಡಿ ಕಳೆದೆ ಎಂದು ಹೇಳಲು ನಾಚಿಕೆಯಾಯಿತು. ಆಮೇಲೆ ನೋಡೋಣ ಎಂದು ಮುಚ್ಚಿಟ್ಟೆ. ಸಂಜೆ ಯಾರೋ ಮನೆಗೆ ಬಂದರು. ಗಡುವು ದಾಟಿತು.

ಸೋಮವಾರ ಗಾಡಿ ಹತ್ತಿದ ಕೂಡಲೇ ಕೇಳಿದರು, "ಎಷ್ಟು ಬಂತು ಅಣ್ಣ?"

"ಒಂಬತ್ತು" ಅಂದೆ.

ಅವರು ಡಬ್ಬಿ ತೆಗೆದು ಕೈ ಮುಂದೆ ಮಾಡಿದರು. ಪಾಠ ಇನ್ನೂ ಶುರುವಾಗಿರಲಿಲ್ಲ, ಆದರೂ ಕೊಟ್ಟರು. ಬೆನ್ನಿನ ಹುಣ್ಣಿನ ಪಾಠ ಕಷ್ಟ ಇತ್ತು, ಇವತ್ತು ಮೊದಲೇ ತಿನ್ನೋಣ ಅಂದರು. ತಿಂದೆ.

ಒಂದು ವಾರ ತಪ್ಪಿದ ಮೇಲೆ ಕೋರ್ಸಿನ ಪುಟ ತೆರೆದರೆ ಕೆಂಪು ಗುರುತು ಕಾಣುತ್ತಿತ್ತು. ಅದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಎಂಟನೇ ವಾರ ಉತ್ತರ ಬರೆದುಕೊಂಡೆ, ಕಳಿಸಲಿಲ್ಲ. ಒಂಬತ್ತನೇ ವಾರವೂ ಇಲ್ಲ. ನೆನಪಿಸುವ ಮೇಲ್‌ಗಳೆಲ್ಲ ನನ್ನ ವಿಳಾಸಕ್ಕೇ ಬರುತ್ತಿದ್ದವು, ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ವಿಡಿಯೊ ಹಾಕಿ ಅವರ ಮುಂದಿಟ್ಟು ನಾನು ಇಸ್ಪೀಟಿಗೆ ಹೋಗಿ ಕೂರತೊಡಗಿದೆ. ಅವರು ಒಬ್ಬರೇ ಬಾಗಿ ಕೇಳುತ್ತಿದ್ದರು. ಮುಗಿದ ಮೇಲೆ ಮೊಬೈಲು ತಂದುಕೊಟ್ಟು, ನನ್ನ ಪಾಲಿನ ಚಿಟಿಕೆಯನ್ನು ಕೈಗೆ ಹಾಕಿ ಹೋಗುತ್ತಿದ್ದರು. ಸೋಮವಾರ ಸೋಮವಾರ ನಾನು ಅಂಕ ಹೇಳುತ್ತಿದ್ದೆ. ಅನುಮಾನ ಬಾರದಿರಲಿ ಎಂದು ಒಮ್ಮೆ ಎಂಟು, ಒಮ್ಮೆ ಒಂಬತ್ತು.

ಹನ್ನೆರಡು ವಾರ ಮುಗಿದು ಪರೀಕ್ಷೆಗೆ ಹೆಸರು ಹಾಕುವ ಸಮಯ ಬಂದಾಗ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಅವರು ಅವತ್ತು ಹೊಸ ಬುರ್ಖಾ ಹಾಕಿಕೊಂಡು, ಫೋಟೊ, ಆಧಾರ್ ಜೆರಾಕ್ಸ್ ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಬಂದಿದ್ದರು. ಮಾರ್ಕ್ಸು ಸಾಲಲಿಲ್ಲವಂತೆ ಆಪಾ, ಪರೀಕ್ಷೆಗೆ ತಗೊಳ್ಳುವುದಿಲ್ಲವಂತೆ ಅಂದೆ. ಒಂಬತ್ತು ಒಂಬತ್ತು ಬರುತ್ತಿತ್ತಲ್ಲ ಎಂದು ಕೇಳಿದರು. ಅವರ ಲೆಕ್ಕವೇ ಬೇರೆ ಅಂದೆ. ಆಪಾ ಆ ಪ್ಲಾಸ್ಟಿಕ್ ಕವರನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು.

"ಹೋಗ್ಲಿ ಬಿಡಿ. ನನ್ನ ತಲೆ ಅಷ್ಟೇ ಇರ್ಬೇಕು. ನೀವು ಪಾಪ, ನನಗೋಸ್ಕರ ಎಷ್ಟು ಕಷ್ಟ ಪಟ್ರಿ."

ಆಮೇಲೆ ಕೇಳಿದರು, "ಇನ್ನೊಂದ್ ಸಲ ಸೇರಿಸ್ಕೊಳ್ಳಲ್ವಾ ಅಣ್ಣ?"

ಸೇರಿಸಿಕೊಳ್ಳುತ್ತಿದ್ದರು. ಆರು ತಿಂಗಳಿಗೊಮ್ಮೆ ಹೊಸದಾಗಿ ಶುರುವಾಗುವ ಕೋರ್ಸು ಅದು, ಎಷ್ಟು ಸಲ ಬೇಕಾದರೂ ಸೇರಬಹುದು. ಆದರೆ ಮತ್ತೆ ಸೇರಿಸಲು ಹೋದರೆ ಹಳೆಯ ಪುಟ ಯಾರ ಕಣ್ಣಿಗಾದರೂ ಬಿದ್ದು ನನ್ನ ಬಣ್ಣ ಬಯಲಾಗಬಹುದು ಎಂದು ಹೆದರಿದೆ.

"ಇಲ್ಲ" ಅಂದೆ.

ಪೇಪರ್ ಕಳೆದದ್ದು ಮರೆವು. ಸುಳ್ಳು ಅಂಕ ಹೇಳಿದ್ದು ಪುಕ್ಕಲುತನ. ಈ ಒಂದು "ಇಲ್ಲ"ಕ್ಕೆ ಮಾತ್ರ ಇವತ್ತಿನವರೆಗೂ ನನಗೆ ಹೆಸರು ಸಿಕ್ಕಿಲ್ಲ. ಆರು ತಿಂಗಳ ನಂತರ ಮತ್ತೆ ಸೇರಿ ಎಂದು ಮೇಲ್ ಬಂತು. ಅಳಿಸಿಹಾಕಿದೆ.

ಆಪಾ ನೆಲ ಒರೆಸುವುದನ್ನು ಮುಂದುವರಿಸಿದರು. ನಾನು ನಿವೃತ್ತನಾದ ದಿನ ಬೋಗಿಯವರೆಲ್ಲ ಹಾರ ಹಾಕಿದರು, ಅವರೂ ಬಂದು, ಅಣ್ಣ ನಮ್ಮ ಮೇಷ್ಟ್ರು ಎಂದು ಎಲ್ಲರೆದುರು ಹೇಳಿದರು. ಆಮೇಲೆ ರೋಗದ ಕಾಲ ಬಂತು, ಗಾಡಿಗಳು ನಿಂತವು. ಮತ್ತೆ ಶುರುವಾದಾಗ ನಾನು ಹೋಗುವ ಅಗತ್ಯವಿರಲಿಲ್ಲ. ಮಾಲೂರಿನಲ್ಲೇ ಇದ್ದರೂ ಅವರ ಬೀದಿಯ ಕಡೆ ನಾನು ಹೋಗಲಿಲ್ಲ. ಎರಡು ವರ್ಷದ ಹಿಂದೆ ಸಂತೆಯಲ್ಲಿ ಸಿಕ್ಕ ಆ ತೆಲುಗಿನವರು ಹೇಳಿದರು, ಆಪಾ ಹೋದರು, ಕಿಡ್ನಿ ತೊಂದರೆ ಇತ್ತು ಅಂತ. ಮಣ್ಣಿಗೂ ಹೋಗಿರಲಿಲ್ಲ ನಾನು.

ಹೋದ ವರ್ಷ ನನ್ನ ಹೆಂಡತಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನಾಲ್ಕು ತಿಂಗಳು ಹಾಸಿಗೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಡಾಕ್ಟರು ಹೇಳಿದರು. ಹೇಗೆ ಎಂದು ನನಗೆ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಆ ಕೋರ್ಸು ಇನ್ನೂ ಇತ್ತು, ಇನ್ನೂ ಉಚಿತ. ಒಂದನೇ ವಾರದಿಂದ ಸೇರಿದೆ. ಏಳನೇ ವಾರದ ಪಾಠವನ್ನು ಮೊದಲೇ ತೆರೆದು, ಮಂಡಿಯ ನಡುವೆ ದಿಂಬಿಟ್ಟು ಹೊರಳಿಸುವುದನ್ನು ನೋಡುತ್ತ ನೋಡುತ್ತ ಆಪಾ ತಲೆದಿಂಬನ್ನು ರೋಗಿ ಮಾಡಿ ಮಗಳಿಗೆ ತೋರಿಸುತ್ತಿದ್ದದ್ದು ಕಣ್ಣ ಮುಂದೆ ಬಂತು... ಹೆಂಡತಿಯ ಬೆನ್ನಿನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಅವಳು ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಹನ್ನೆರಡೂ ವಾರ ಮುಗಿಸಿದೆ, ಪರೀಕ್ಷೆಗೆ ಹೆಸರು ಹಾಕಲಿಲ್ಲ. ಹಾಕಲು ಮನಸ್ಸು ಬರಲಿಲ್ಲ.

ವೇಮಗಲ್‌ನಿಂದ ಬಂದ ಮರುದಿನ ಅವರ ಮನೆ ಹುಡುಕಿಕೊಂಡು ಹೋದೆ. ಮಗಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತಳು. "ಟ್ರೈನ್ ಮೇಷ್ಟ್ರಾ? ಅಮ್ಮಿ ನಿಮ್ ಸುದ್ದಿ ಹೇಳ್ದೆ ಇದ್ದ ದಿನ ಇಲ್ಲ" ಎಂದು ಕುರ್ಚಿ ಒರೆಸಿ ಹಾಕಿದಳು. ಚಹಾ ತಂದಳು. ಅದನ್ನು ಕುಡಿಯುವ ಮೊದಲು ಹೇಳಿಬಿಡಬೇಕು ಅನ್ನಿಸಿತು. ಎಲ್ಲ ಹೇಳಿದೆ. ಪೇಪರ್, ಇಸ್ಪೀಟು, ಒಂಬತ್ತು, ಆ "ಇಲ್ಲ".

ಅವಳು ಹೊಲಿಯುತ್ತಿದ್ದ ರವಿಕೆಯ ಬಟ್ಟೆಯನ್ನು ತೊಡೆಯ ಮೇಲೆ ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು.

"ನಂದು ಡಿಗ್ರಿ ಮೊದಲ ವರ್ಷ ಎರಡು ಸಬ್ಜೆಕ್ಟ್ ಹೋಗಿತ್ತು ಅಂಕಲ್. ಬಿಟ್ಬಿಡ್ತೀನಿ ಅಂದೆ. ಅಮ್ಮಿ ಬೈತಾಳೆ ಅಂದ್ಕೊಂಡಿದ್ದೆ. ಬೈಲಿಲ್ಲ. ನಮ್ ತಲೇಗಳೇ ಅಷ್ಟು ಬೇಟಿ, ನಂದೂ ಅಷ್ಟೇ ಆಯ್ತು, ಬಿಡು ಅಂದ್ಲು. ಬಿಟ್ಟೆ."

 ಒಬ್ಬರಿಗೆ ಮಾಡಿದ ಅನ್ಯಾಯ ಎಂದು ಇಷ್ಟು ವರ್ಷ ತಿಳಿದಿದ್ದೆ. ಕ್ಷಮಿಸು ಎಂದು ಕೇಳಲು ಬಂದವನಿಗೆ ಆ ಮಾತು ಬಾಯಿಗೆ ಬರಲಿಲ್ಲ. ನಿಮ್ಮ ತಾಯಿಯ ತಲೆ ಹಾಗಿರಲಿಲ್ಲಮ್ಮ, ಆರು ವಾರ ಒಂಬತ್ತಕ್ಕಿಂತ ಕಡಿಮೆ ಬಂದಿರಲಿಲ್ಲ ಎಂದಷ್ಟೇ ಹೇಳಿದೆ. ಅದನ್ನು ಇನ್ನೊಮ್ಮೆ ಹೇಳಿಸಿದಳು. ಆಮೇಲೆ, "ಅವ್ಳಿಗೆ ಹೇಳ್ಬೇಕಿತ್ತು ನೀವು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹೊರಟು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿಗೆ ಬಂದಳು.

"ಇದನ್ನ ಬರೆದು ಕೊಡ್ತೀರಾ ಅಂಕಲ್? ಅಮ್ಮಿ ಹೆಸರು ಹಾಕ್ಬೇಡಿ, ನಿಮ್ದೂ ಬೇಡ. ನೀವು ಹೇಳಿದ್ದಷ್ಟನ್ನೂ ಬರೀರಿ. ನಾನು ಇಟ್ಕೋತೀನಿ."

ಅದಕ್ಕೇ ಬರೆಯುತ್ತಿದ್ದೇನೆ. ಮೂರು ದಿನದಿಂದ ಬರೆದು ಹರಿದು, ಬರೆದು ಹರಿದು ಇಲ್ಲಿಗೆ ಬಂದಿದ್ದೇನೆ. ನನ್ನನ್ನು ಸ್ವಲ್ಪ ಒಳ್ಳೆಯವನನ್ನಾಗಿ ಮಾಡಿಕೊಂಡ ಸಾಲುಗಳನ್ನೆಲ್ಲ ಹೊಡೆದುಹಾಕಿದ್ದೇನೆ. ಈ ಹಾಳೆಗಳನ್ನು ಓದಿ ಆ ಹುಡುಗಿ ಮತ್ತೆ ಓದಲು ಕೂರುತ್ತಾಳೋ ಇಲ್ಲವೋ ಗೊತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ. ಕೇಳಿದರೆ, ಹೇಗೆ ಸೇರುವುದು ಎಂದು ತೋರಿಸಿಕೊಡುತ್ತೇನೆ, ಈ ಸಲ ಅವಳದೇ ಇಮೇಲ್ ಹಾಕಿ.

ನಾಳೆ ಬೆಳಗ್ಗೆ ಹೋಗಿ ಕೊಟ್ಟು ಬರಬೇಕು. ಗಾಡಿ ಹೊರಡುವ ಹೊತ್ತಿಗೆ ಅವರ ಬೀದಿಯಿಂದ ಹೆಂಗಸರು ಟಿಫಿನ್ ಹಿಡಿದು ಸ್ಟೇಷನ್ ಕಡೆ ಬಿರಬಿರನೆ ನಡೆಯುತ್ತಿರುತ್ತಾರೆ. ಅವರ ನಡುವೆ ಆಪಾ ಇರುವುದಿಲ್ಲ. ಅವರಿಗೆ ಪಾಠವೆಲ್ಲ ಅರ್ಥವಾಗಿತ್ತು, ಪರೀಕ್ಷೆ ಬರೆದಿದ್ದರೆ ಪಾಸಾಗುತ್ತಿದ್ದರು. ಅದನ್ನು ತಿಳಿಯದೆಯೇ ಅವರು ಹೋದರು.